ಸೇತುವೆಯಾಚೆಯ ಹೆಸರು

ಯಲ್ಶೊವ್ಕಾ ಶಾಲೆಯ ಮುಂಬಾಗಿಲಿನ ಮೆಟ್ಟಿಲುಗಳನ್ನು ಮಾರ್ಗಿತಾ ಹತ್ತು ವರ್ಷ ಒರೆಸಿದ್ದಳು. ಅವಳ ಹೊಟ್ಟೆಯಲ್ಲಿ ಹುಟ್ಟಿದವರಲ್ಲಿ ಮಾತ್ರ ಆ ಮೆಟ್ಟಿಲು ಹತ್ತಿ ಪಾಠಕ್ಕೆ ಹೋದವರು ಒಬ್ಬರೂ ಇಲ್ಲ. ಹೊಳೆಯಾಚೆಯ ಬಿಳಿಯರ ಮಕ್ಕಳಿಗೆ ಮುಂಬಾಗಿಲು, ಈಚೆ ನಮ್ಮ ರೊಮಾ ಕೇರಿಯ, ಅವರ ಬಾಯಲ್ಲಿ ಜಿಪ್ಸಿಗಳ, ಮಕ್ಕಳಿಗೆ ಹಿಂದಿನ ಗೇಟು. ಹಾಗಂತ ಯಾರೂ ಎಲ್ಲೂ ಬರೆದು ಹಾಕಿರಲಿಲ್ಲ. ಬರೆದು ಹಾಕಿ ಸಿಕ್ಕಿಬೀಳಲು ಅವರೇನು ದಡ್ಡರೇ? ಹಿತ್ತಲಲ್ಲಿ ಹಿಂದೆ ಬಾಯ್ಲರ್ ಇದ್ದ ಕಟ್ಟಡವೊಂದಿತ್ತು. ಅದಕ್ಕೆ ಸುಣ್ಣ ಬಳಿಸಿ, ಗೋಡೆ ತುಂಬ ತಟ್ಟೆಯಗಲದ ಸೂರ್ಯಕಾಂತಿ ಬರೆಸಿ, 'ವಿಶೇಷ ತರಗತಿ' ಅಂತ ಬೋರ್ಡು ತೂಗುಹಾಕಿದ್ದರು. ಬುದ್ಧಿ ಸಾಲದ ಮಕ್ಕಳಿಗಂತೆ. ಐವತ್ತು ವರ್ಷದಲ್ಲಿ ಬುದ್ಧಿ ಸಾಲದ ಬಿಳಿ ಮಗು ಆ ಊರಲ್ಲಿ ಒಂದೂ ಹುಟ್ಟಲಿಲ್ಲ ನೋಡಿ, ಅದೊಂದು ಪವಾಡ. ಮುಂದಿನವರನ್ನು ಊಟದ ಕೋಣೆಯಲ್ಲಿ ಕೂರಿಸಿ ಬಿಸಿ ಸೂಪು ಬಡಿಸುತ್ತಿದ್ದರು. ಹಿಂದಿನವರಿಗೆ ಕವರಿನಲ್ಲಿ ಒಂದು ಬನ್ನು, ಒಂದು ಸೇಬು. ಸೇಬಿನಲ್ಲಿ ಹುಳ ಸಿಕ್ಕರೆ ಅದೇ ವಿಶೇಷ ಅಂತ ಮಾರ್ಗಿತಾ ಹೇಳುತ್ತಿದ್ದಳು.

ಅವಳೂ ಆ ತರಗತಿಯವಳೇ, ಅವಳ ಮಗ ಕೊಲೊಮಾನನೂ ಅಲ್ಲಿಯವನೇ. ಎಂಟು ವರ್ಷ ಕೂತು ಅವನು ಕಲಿತದ್ದು ಕಾಗದ ಕತ್ತರಿಸುವುದು, ಚಾಪೆ ಹೆಣೆಯುವುದು ಮತ್ತು ತನ್ನ ಹೆಸರು ಬರೆಯುವುದು. ಈಗ ಪಂಚಾಯಿತಿಯವರು ಕೊಟ್ಟ ಕಿತ್ತಳೆ ಬಣ್ಣದ ಜಾಕೀಟು ಹಾಕಿಕೊಂಡು ಊರಿನ ರಸ್ತೆ ಗುಡಿಸುತ್ತಾನೆ. ಸೊಸೆ ರೆನಾತಾ ಬೇರೆ ಊರಿನವಳು. ಅಲ್ಲಿ ಎಂಟನೇ ಕ್ಲಾಸಿನವರೆಗೆ ಸರಿಯಾದ ಶಾಲೆ ಕಂಡವಳು, ಓದಲು ಬರೆಯಲು ಬಲ್ಲವಳು. ಹಾಗಾಗಿ ಮೇ ತಿಂಗಳಲ್ಲಿ ಶಾಲೆಯಿಂದ ಕಾಗದ ಬಂದಾಗ ಒಡೆದು ಓದಿದವಳು ಅವಳೇ.

ಮಧ್ಯಾಹ್ನದ ಊಟದ ಹೊತ್ತು. ಕೊಲೊಮಾನ್ ಜಾಕೀಟು ಬಿಚ್ಚದೆ ಆಲೂಗೆಡ್ಡೆ ಸಾರಿಗೆ ರೊಟ್ಟಿ ಅದ್ದುತ್ತಿದ್ದ. ಆರು ವರ್ಷದ ಮಗಳು ಒಲೆಯ ಪಕ್ಕ ಕೂತು ಅಜ್ಜಿ ಸುಡುತ್ತಿದ್ದ ಮಾರಿಕ್ಲಿ ರೊಟ್ಟಿಗಳನ್ನು ಎಣಿಸುತ್ತಿದ್ದಳು. ಮೊದಲು ನಮ್ಮ ಮಾತಿನಲ್ಲಿ, ಆಮೇಲೆ ಹೊಳೆಯಾಚೆಯವರ ಸ್ಲೊವಾಕ್‌ನಲ್ಲಿ. ಹುಡುಗಿ ಚುರುಕು. ಅಂಗಡಿಗೆ ಕಳಿಸಿದರೆ ಚಿಲ್ಲರೆ ಎಣಿಸಿಕೊಂಡೇ ಬರುವಳು.

ರೆನಾತಾ ಓದಿದಳು. ಏಪ್ರಿಲ್‌ನಲ್ಲಿ ಹೆಸರು ಸೇರಿಸಲು ಹೋದಾಗ ಪಟ್ಟಣದಿಂದ ಬಂದಿದ್ದ ಮೇಡಂ ಮಗುವನ್ನು ಪರೀಕ್ಷೆ ಮಾಡಿದ್ದಳಲ್ಲ, ಅದರ ವರದಿ. "ಕಸಾಂಡ್ರಾ ಎಂದು ಆರು ಬಾರಿ ಹೆಸರು ಹಿಡಿದು ಕರೆದರೂ ಮಗು ತಿರುಗಿ ನೋಡಲಿಲ್ಲ. ತನ್ನ ಹೆಸರೇ ತನಗೆ ತಿಳಿಯದು. ಮನೆಯವರು 'ಶೊಶೊಯ್' ಎಂದು ಕೂಗಿದರೆ ಮಾತ್ರ ತಿರುಗುತ್ತದೆ. ಆಮೇಲಿನ ಪ್ರಶ್ನೆಗಳನ್ನು ಕೇಳುವ ಅಗತ್ಯ ಕಾಣಲಿಲ್ಲ. ಬುದ್ಧಿ ಅಲ್ಪ ಕುಂಠಿತ. ವಿಶೇಷ ತರಗತಿಗೆ ಸೂಕ್ತ."

ಮಾರ್ಗಿತಾ ಮೊದಲು ನಕ್ಕಳು. ನಗುವಂಥದ್ದೇ. ಅವಳದೇ ಒಂದು ಹಳೇ ಕತೆ ಇತ್ತು, ಮದುವೆ ಮನೆಗಳಲ್ಲಿ ಜನ ಕೇಳಿ ಕೇಳಿ ಹೇಳಿಸುತ್ತಿದ್ದರು. ಕೇರಿಯಲ್ಲಿ ಅವಳನ್ನು ಪಾಪಿನ್, ಅಂದರೆ ಬಾತುಕೋಳಿ ಅಂತಲೇ ಎಲ್ಲರೂ ಕರೆಯುತ್ತಿದ್ದದ್ದು. ಶಾಲೆಗೆ ಹಾಕಿದಾಗ ಮೇಷ್ಟರು ಎರಡು ವಾರ "ಮಾರ್ಗಿತಾ, ಮಾರ್ಗಿತಾ" ಅಂತ ಕೂಗಿದರಂತೆ. ಎಲ್ಲ ಮಕ್ಕಳ ಜೊತೆ ಇವಳೂ ಆ ಕಡೆ ಈ ಕಡೆ ನೋಡುವಳು. ಎಂಥ ಭಂಡ ಹುಡುಗಿ ಈ ಮಾರ್ಗಿತಾ, ಅಷ್ಟು ಕರೆದರೂ ಓಗೊಡಲ್ಲವಲ್ಲ, ಇವತ್ತು ಸರಿಯಾಗಿ ತಿಂತಾಳೆ ಅಂತ ಮರುಗುವಳು. ಕೊನೆಗೆ ಸ್ಕೇಲಿನ ಏಟು ಬಿದ್ದದ್ದು ತನ್ನ ಬೆನ್ನಿಗೇ. ಇಷ್ಟು ಹೇಳುವಾಗ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅದಾಗಿ ಮೂರನೇ ದಿನಕ್ಕೆ ಹಿಂದಿನ ಗೇಟಿಗೆ ಕಳಿಸಿದರು ಅನ್ನುವುದನ್ನು ಅವಳು ಕತೆಯಲ್ಲಿ ಸೇರಿಸುತ್ತಿರಲಿಲ್ಲ.

"ನಗ್ತೀರಲ್ಲ ಅತ್ತೆ," ಅಂದಳು ರೆನಾತಾ. "ಯಾರಿಂದ ಆಗಿದ್ದು ಇದು?"

ಯಾರಿಂದ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಗು ಏಳು ತಿಂಗಳಿಗೇ ಹುಟ್ಟಿತ್ತು. ಟೀವಿ ಧಾರಾವಾಹಿ ನೋಡಿ ರೆನಾತಾ ಕಸಾಂಡ್ರಾ ಅಂತ ಹೆಸರು ಬರೆಸಿದಳು. ಮಾರ್ಗಿತಾಳ ಮೊದಲ ಹೆಣ್ಣುಮಗು ಅರಾಂಕಾ ನಲವತ್ತು ದಿನಕ್ಕೇ ಹೋಗಿತ್ತು. ಮನೆಮಂದಿಯೆಲ್ಲ ಆ ಹೆಸರನ್ನು ಬಾಯಿತುಂಬ ಕರೆದದ್ದಕ್ಕೇ ಸಾವು ಗುರುತು ಹಿಡಿದು ಬಂತು ಅಂತ ಅವಳ ನಂಬಿಕೆ. ಈ ಮಗು ಆಸ್ಪತ್ರೆಯಿಂದ ಬಂದ ದಿನವೇ ಕೈಗೆ ಕೆಂಪು ದಾರ ಕಟ್ಟಿ, ಇದು ನಮ್ಮ ಶೊಶೊಯ್, ಮೊಲ, ಇನ್ನೊಂದು ಹೆಸರು ಈ ಮನೆಯಲ್ಲಿ ಯಾರಾದರೂ ಎತ್ತಿದರೆ ನಾಲಿಗೆ ಕಿತ್ತು ಕೈಗೆ ಕೊಡುತ್ತೇನೆ ಅಂದಿದ್ದಳು. ಯಾರೂ ಎತ್ತಲಿಲ್ಲ. ಮಗು ಬದುಕಿತು.

"ಬದುಕಿಸಿದ್ದು ತಪ್ಪಾಯ್ತಾ?" ಅಂದಳು ಮಾರ್ಗಿತಾ.

"ಬದುಕಿಸಿ ಬಾಯ್ಲರ್ ಕೋಣೆಗೆ ಕಳಿಸ್ತಿದ್ದೀರಿ."

ಕೊಲೊಮಾನ್ ತಟ್ಟೆ ಕೆಳಗಿಟ್ಟು, ಅಲ್ಲಿ ಹೋದರೆ ಏನೀಗ, ಬನ್ನು ಪುಕ್ಕಟೆ, ಹೋಂವರ್ಕು ಇಲ್ಲ, ನಮ್ಮವರದೇ ಮಕ್ಕಳು ಇರುತ್ತವೆ ಅಂದ. "ನಾನೂ ಅಲ್ಲೇ ಕೂತು ಬಂದಿದ್ದೀನಿ. ನನಗೇನಾಗಿದೆ?"

ಹೆಂಡತಿ ಅವನ ಜಾಕೀಟನ್ನು ಕಾಲರಿನಿಂದ ಅಂಚಿನವರೆಗೆ ನೋಡಿದಳು. "ಅದನ್ನೇ ನಾನೂ ಕೇಳ್ತಿರೋದು," ಅಂದಳು.

ಮಾರನೇ ದಿನ ರೆನಾತಾ ಶಾಲೆಗೆ ಹೋಗಿ ಹೆಡ್‌ಮೇಡಂ ದ್ರೊಬ್ನಾಳನ್ನು ಕಂಡಳು. ದ್ರೊಬ್ನಾ ಕೆಟ್ಟವಳಲ್ಲ, ಹಾಗಂತ ಅವಳೇ ಎಲ್ಲರ ಹತ್ತಿರ ಹೇಳಿಕೊಳ್ಳುತ್ತಿದ್ದಳು. ನಕ್ಕೊಂಡೇ ಮಾತಾಡಿದಳು. ಮಗುವಿನ ಖುಷಿ ಮುಖ್ಯವಲ್ಲವೇ, ಮುಂದಿನ ತರಗತಿಯಲ್ಲಿ ಹಾಕಿದರೆ ಪಾಪ ಅದು ಹಿಂದೆ ಬೀಳುತ್ತದೆ, ತನ್ನವರ ಜೊತೆ ಇದ್ದರೆ ಅರಳುತ್ತದೆ, ಸೂರ್ಯಕಾಂತಿ ನೋಡಿದಿರಾ ಎಷ್ಟು ಚೆನ್ನಾಗಿದೆ ಅಂದಳು. ಆ ಮೊಲದ ಹೆಸರು ಟೀಚರುಗಳ ರೂಮಿನಲ್ಲಿ ಎಲ್ಲರಿಗೂ ಬಹಳ ಹಿಡಿಸಿತು ಅಂತಲೂ ಸೇರಿಸಿದಳು. ರೆನಾತಾ ನಿಂತೇ ಇದ್ದಳು, ಕೂರು ಅನ್ನಲು ಮೇಡಮ್ಮಿಗೆ ನೆನಪಾಗಿರಲಿಲ್ಲ. ಮತ್ತೊಂದು ಪರೀಕ್ಷೆ ಬೇಕು, ಬೇರೆಯವರ ಹತ್ತಿರ, ಅಂತ ರೆನಾತಾ ಪಟ್ಟು ಹಿಡಿದಳು. ಕಾನೂನಿನಲ್ಲಿ ಇತ್ತು, ಇಲ್ಲ ಅನ್ನಲಾಗಲಿಲ್ಲ. ಜೂನ್ ಇಪ್ಪತ್ತಕ್ಕೆ, ಪಟ್ಟಣದ ಆಫೀಸಿನಲ್ಲಿ. ಸುಮ್ಮನೆ ಬಸ್ ಚಾರ್ಜು ದಂಡ ಅಂತ ಹೆಡ್‌ಮೇಡಂ ಕನಿಕರದಿಂದ ಹೇಳಿದಳು.

ಐದು ವಾರ ಉಳಿದಿತ್ತು. ಆ ಐದು ವಾರದಲ್ಲಿ ಹುಡುಗಿ ತನ್ನ ಹೆಸರು ಕಲಿಯಬೇಕಾಗಿತ್ತು.

ಕೇಳಿದರೆ ಸುಲಭ ಅನ್ನಿಸುತ್ತದೆ. ರೆನಾತಾ ಬೆಳಿಗ್ಗೆ "ಕಸಾಂಡ್ರಾ, ಎದ್ದೇಳು" ಅನ್ನುವಳು. ಹುಡುಗಿ ಹೊದಿಕೆಯೊಳಗೇ ಇರುವಳು. "ಕಸಾಂಡ್ರಾ, ಬಿಂದಿಗೆ ತಗೋ, ನೀರಿಗೆ ಹೋಗಬೇಕು" ಅಂದರೆ ಬಾಗಿಲ ಕಡೆ ನೋಡುವಳು, ಯಾರೋ ಬರುತ್ತಾರೆ ಅಂತ. ಕೊಲೊಮಾನನೂ ಹೆಂಡತಿಯ ಕಾಟ ತಾಳದೆ ಎರಡು ಸಲ ಕರೆದ, ನಾಚಿಕೊಂಡು ಬಿಟ್ಟುಬಿಟ್ಟ. ಹುಡುಗಿಗೆ ಕಾನೂನು ಅಂದರೆ ಅಜ್ಜಿ. ಅಜ್ಜಿ ಆ ಹೆಸರು ಅನ್ನದಿದ್ದ ಮೇಲೆ ಅದು ತನ್ನದಲ್ಲ. ಮಾರ್ಗಿತಾ ಅನ್ನುತ್ತಿರಲಿಲ್ಲ. ಸೊಸೆ ಕೂಗಿದಾಗಲೆಲ್ಲ ಅವಳು ಎಡಭುಜದ ಮೇಲಿಂದ ಮೂರು ಸಲ ಥೂ ಥೂ ಅಂತ ಉಗಿದು, ಮತ್ತೆ ಹಿಟ್ಟು ನಾದುವಳು.

ಎರಡನೇ ವಾರದ ಒಂದು ಮಧ್ಯಾಹ್ನ ಹುಡುಗಿ ತಟ್ಟೆಗಳನ್ನು ಇಡುತ್ತಿದ್ದಳು. ನಾಲ್ಕು ಇಡಬೇಕಾದಲ್ಲಿ ಐದು ಇಟ್ಟಳು. ತನ್ನ ಪಾಲಿನ ಮಾರಿಕ್ಲಿಯನ್ನು ಮುರಿದು, ದೊಡ್ಡ ತುಂಡನ್ನು ಐದನೇ ತಟ್ಟೆಗೆ ಹಾಕಿ ಮೇಲೆ ಕೈವಸ್ತ್ರ ಮುಚ್ಚಿದಳು.

"ಇದ್ಯಾರಿಗೆ?" ಅಂತ ರೆನಾತಾ ಕೇಳಿದಳು.

"ಕಸಾಂಡ್ರಾಗೆ. ದಿನಾ ಕರೀತೀಯ, ಬಂದಾಗ ಊಟ ಇಲ್ಲ ಅಂದ್ರೆ ಏನು ಚೆನ್ನಾಗಿರುತ್ತೆ? ಅವಳಿಗೂ ಮುಂದಿನ ಹಲ್ಲು ಬಿದ್ದಿದೆಯಾ ಅಮ್ಮಾ?"

ರೆನಾತಾ ಎದ್ದು ಹೊರಗೆ ಹೋದಳು. ಹೊರಗೆ ಕಟ್ಟಿಗೆ ಒಡೆಯುವ ಶಬ್ದ ಬಹಳ ಹೊತ್ತು ಕೇಳಿತು. ಒಡೆಯಲು ಅಷ್ಟೊಂದು ಕಟ್ಟಿಗೆ ಇರಲಿಲ್ಲ.

ಮಾರ್ಗಿತಾ ಆ ಐದನೇ ತಟ್ಟೆಯನ್ನು ನೋಡುತ್ತ ಕೂತಳು. ಅವಳಿಗೆ ಆ ಭಂಡ ಹುಡುಗಿ ಮಾರ್ಗಿತಾ ನೆನಪಾದಳು, ತಾನು ಅವಳಿಗಾಗಿ ಮರುಗಿದ್ದೂ ನೆನಪಾಯಿತು. ಐವತ್ತು ವರ್ಷ ತಾನು ದಡ್ಡಿ ಅಂತಲೇ ನಂಬಿಕೊಂಡು ಬದುಕಿದ್ದಳು, ಹಾಗೆ ನಂಬಿಕೊಂಡೇ ಮೆಟ್ಟಿಲು ಒರೆಸಿದ್ದಳು. ಯಾರಾದರೂ ಏನಾದರೂ ಕೇಳಿದರೆ, ನಾನು ಹಿಂದಿನ ಗೇಟಿನವಳು, ನನಗೇನು ಗೊತ್ತು ಅನ್ನುವುದು ಅವಳ ಬಾಯಿಪಾಠ. ದಡ್ಡತನ ಯಾರದು? ಎರಡು ವಾರ ಒಂದು ಮಗುವಿನ ಮುಖ ನೋಡಿ ಕೂಗಿಯೂ, ಮಗೂ ನಿನ್ನನ್ನು ಮನೆಯಲ್ಲಿ ಏನಂತ ಕರೀತಾರೆ ಅಂತ ಕೇಳಲು ತೋಚದ ಮೇಷ್ಟರದು. ಆರು ಸಲ ಕರೆದು ಪೆನ್ನು ಮುಚ್ಚಿದ ಆ ಪಟ್ಟಣದ ಮೇಡಮ್ಮಿನದು. ಇಂಥವರಿಗೆ ಹೆದರಿ ನಾನು ಅಷ್ಟು ವರ್ಷ ತಲೆ ತಗ್ಗಿಸಿದೆನಲ್ಲ ಅಂತ ಅವಳಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು.

ಅವಳು ಎದ್ದು ಪೆಟ್ಟಿಗೆಯಿಂದ ಕೆಂಪು ದಾರ ತೆಗೆದಳು. ಹಳೇ ದಾರದ ಮೇಲೆ ಹೊಸದು ಕಟ್ಟಿದಳು, ಎರಡು ಗಂಟು ಹೆಚ್ಚಾಗಿಯೇ ಹಾಕಿದಳು. ಆಮೇಲೆ ಹುಡುಗಿಯನ್ನು ತೊಡೆಯ ಮುಂದೆ ನಿಲ್ಲಿಸಿಕೊಂಡು, ತುಟಿ ಒದ್ದೆ ಮಾಡಿಕೊಂಡು, "ಕಸಾಂಡ್ರಾ," ಅಂದಳು.

ಹುಡುಗಿ ಹಿಂದೆ ತಿರುಗಿ ನೋಡಲಿಲ್ಲ. ಅಜ್ಜಿಯ ಮುಖವನ್ನೇ ನೋಡಿದಳು.

"ಅಜ್ಜೀ, ಕಸಾಂಡ್ರಾ ನಾನಾ?"

"ನೀನೇ ಕಣೆ."

"ಮತ್ತೆ ಶೊಶೊಯ್?"

"ಅದೂ ನೀನೇ."

ಹುಡುಗಿ ಸ್ವಲ್ಪ ಯೋಚಿಸಿ, ಹಾಗಾದರೆ ಆ ರೊಟ್ಟಿಯೂ ನಂದೇ ಅಂತ ಕೈವಸ್ತ್ರ ತೆಗೆದು ತಿಂದಳು.

ಆಮೇಲಿನದು ಮಾರ್ಗಿತಾಳದೇ ಕಾರುಬಾರು. ಸಾವಿನ ಭಯ ಅವಳಿಗೆ ಪೂರ್ತಿ ಹೋಗಿರಲಿಲ್ಲ, ಅದಕ್ಕೊಂದು ಉಪಾಯ ಹುಡುಕಿದಳು. ಕೇರಿಯಿಂದ ಊರಿಗೆ ಹೋಗುವಾಗ ಹೊಳೆಗೆ ಮರದ ಸೇತುವೆ ಇದೆ. ಸೇತುವೆಯ ಈಚೆ ಶೊಶೊಯ್. ಕೊನೆಯ ಹಲಗೆ ದಾಟಿದರೆ ಕಸಾಂಡ್ರಾ ಮಿರ್ಗೋವಾ. ಆಚೆಗೆ ಹೋದ ಮೇಲೆ ಶೊಶೊಯ್ ಅಂತ ಯಾರು ಕರೆದರೂ ತಿರುಗಬಾರದು. ಅಪ್ಪ ಕರೆದರೂ, ಅಮ್ಮ ಕರೆದರೂ, ಕೊನೆಗೆ ಅಜ್ಜಿ ಕರೆದರೂ. ದಿನಾ ನೀರು ತಂದಾದ ಮೇಲೆ ಅಜ್ಜಿ ಮೊಮ್ಮಗಳು ಆ ಸೇತುವೆ ಮೇಲೆ ಹತ್ತು ಸಲ ಆಚೆ ಈಚೆ ಓಡಾಡುವರು. ಕೇರಿಯವರು ನಿಂತು ನೋಡಿ, ಪಾಪಿನ್‌ಗೆ ತಲೆ ಕೆಟ್ಟಿತು ಅಂತ ನಗಾಡಿದರು. ಆಚೆ ದಡದಲ್ಲಿ ಮುದುಕಿ ಮೋಸದಿಂದ "ಶೊಶೊಯ್, ಇಲ್ನೋಡು ಮಿಠಾಯಿ" ಅನ್ನುವಳು. ಮೊದಮೊದಲು ಹುಡುಗಿ ಗಕ್ಕನೆ ತಿರುಗುವಳು. ಮೂರನೇ ವಾರಕ್ಕೆ ಕತ್ತು ಕೂಡ ಅಲುಗಿಸದೆ ನಡೆದುಹೋದಳು. ಮಿಠಾಯಿ ಆಮೇಲೆ ಈಚೆ ದಡದಲ್ಲಿ ಸಿಕ್ಕಿತು.

ಜೂನ್ ಇಪ್ಪತ್ತಕ್ಕೆ ಮೂವರು ಹೆಂಗಸರೂ ಬಸ್ಸಿನಲ್ಲಿ ಪಟ್ಟಣಕ್ಕೆ ಹೋದರು. ಅಲ್ಲಿದ್ದವನು ವಯಸ್ಸಾದ ಮನುಷ್ಯ, ಕನ್ನಡಕದ ಕಡ್ಡಿಗೆ ಟೇಪು ಸುತ್ತಿದ್ದ. ಅವನು ಹೆಸರು ಕೇಳಿದ, ಹುಡುಗಿ ಹೇಳಿದಳು. ಬಣ್ಣ, ಲೆಕ್ಕ, ಚಿತ್ರ ಎಲ್ಲ ಕೇಳಿದ, ಎಲ್ಲ ಹೇಳಿದಳು. ಕೊನೆಗೆ, ಮನೆಯಲ್ಲಿ ನಿನ್ನನ್ನು ಏನಂತ ಕರೀತಾರೆ ಅಂತ ಕೇಳಿದ. ಹುಡುಗಿ ಬಾಗಿಲ ಹತ್ತಿರ ಕೂತಿದ್ದ ಅಜ್ಜಿಯ ಕಡೆ ನೋಡಿ, ಅದನ್ನು ಸೇತುವೆ ದಾಟಿ ಬಂದ ಮೇಲೆ ಹೇಳೋ ಹಾಗಿಲ್ಲ ಅಂದಳು. ಮುದುಕ ಪೆನ್ನು ಕೆಳಗಿಟ್ಟು ನಕ್ಕ. ಜೀವಮಾನದಲ್ಲಿ ಮೊದಲ ಸಲ ಮಾರ್ಗಿತಾ ಒಬ್ಬ ಬಿಳಿ ಮೇಷ್ಟರ ಎದುರು ನೇರ ಕೂತಳು.

ಜುಲೈನಲ್ಲಿ ಕಾಗದ ಬಂತು. ಬುದ್ಧಿ ವಯಸ್ಸಿಗೆ ಮೀರಿ ಇದೆ, ಸಾಮಾನ್ಯ ಒಂದನೇ ತರಗತಿಗೆ ಸೇರಿಸಿಕೊಳ್ಳತಕ್ಕದ್ದು. ಆವತ್ತು ಕೋಳಿ ಕೊಯ್ದರು. ಮಾರ್ಗಿತಾ ಕೈಯಾರೆ ಶಾವಿಗೆ ಹೊಸೆದು ಸಾರಿಗೆ ಹಾಕಿದಳು. ಕೊಲೊಮಾನ್ ಆ ಕಾಗದವನ್ನು ಕೈಯಲ್ಲಿ ಹಿಡಿದು, ಓದಲು ಬಾರದಿದ್ದರೂ ಬಹಳ ಹೊತ್ತು ನೋಡಿದ. ಮಗಳ ಹೆಸರು ಎಲ್ಲಿದೆ ತೋರಿಸು ಅಂತ ಹೆಂಡತಿಯನ್ನು ಕೇಳಿದ.

ಸೆಪ್ಟೆಂಬರ್ ಮೊದಲ ದಿನ ರೆನಾತಾಗೆ ಪಟ್ಟಣದ ಲಾಂಡ್ರಿಯಲ್ಲಿ ಬೆಳಗಿನ ಪಾಳಿ, ರಜೆ ಕೊಡಲಿಲ್ಲ. ಮಗಳಿಗೆ ಬಿಳಿ ಬ್ಲೌಸು ತೊಡಿಸಿ, ಜಡೆ ಹಾಕಿ, ಟೀಚರಿಗೆ ಕೊಡಲು ಹೂಗೊಂಚಲು ಕೈಗಿಟ್ಟು ಅವಳು ಬಸ್ಸು ಹತ್ತಿದಳು. ಶಾಲೆಗೆ ಕರೆದುಕೊಂಡು ಹೋದವಳು ಅಜ್ಜಿ. ಸೇತುವೆಯ ಕೊನೆಯ ಹಲಗೆಯ ಮೇಲೆ ಹುಡುಗಿ ಒಂದು ಗಳಿಗೆ ನಿಂತು, ಆಮೇಲೆ ಕಾಲಿಟ್ಟಳು.

ಶಾಲೆಯ ಮುಂದೆ ಸಂಗೀತ ಹಾಕಿದ್ದರು. ಕೊಲೊಮಾನ್ ಮತ್ತಿಬ್ಬರ ಜೊತೆ ಅಲ್ಲೇ ಎಲೆ ಗುಡಿಸುತ್ತಿದ್ದ, ಆರಂಭದ ದಿನ ಅಂಗಳ ಚೊಕ್ಕಟವಾಗಿರಲಿ ಅಂತ ಪಂಚಾಯಿತಿ ಕಳಿಸಿತ್ತು. ಬಿಳಿಯರ ಮಕ್ಕಳು ಹೂ ಹಿಡಿದು ಮೆಟ್ಟಿಲ ಕೆಳಗೆ ಸಾಲು ನಿಂತಿದ್ದವು. ಹುಡುಗಿ ಹೋಗಿ ಸಾಲಿನ ಕೊನೆಗೆ ನಿಂತಳು. ಆಗ ಹೆಡ್‌ಮೇಡಂ ದ್ರೊಬ್ನಾ ನಗುನಗುತ್ತ ಮಾರ್ಗಿತಾಳ ಹತ್ತಿರ ಬಂದಳು.

ಇದು ಒಂದನೇ ಎ ತರಗತಿ, ನಿಮ್ಮದು ಬಿ, ಅಂತ ಅವಳು ವಿವರಿಸಿದಳು. ಬಿ ಕೂಡ ಸಾಮಾನ್ಯ ತರಗತಿಯೇ, ಅದೇ ಪುಸ್ತಕ, ಅದೇ ಪಾಠ. ಈ ವರ್ಷದಿಂದಲೇ ಶುರು ಮಾಡಿದ್ದೇವೆ. ಎಲ್ಲಿ ಅಂತ ಮಾರ್ಗಿತಾ ಕೇಳಿದಳು. ಹಿಂದೆ, ಆ ಸೂರ್ಯಕಾಂತಿ ಕಟ್ಟಡದಲ್ಲಿ, ಬೋರ್ಡು ಬದಲಾಯಿಸಿದ್ದೇವೆ ನೋಡಿ ಅಂದಳು. ಯಾವ ಮಕ್ಕಳಿದ್ದಾರೆ ಅಂತ ಮಾರ್ಗಿತಾ ಕೇಳಲಿಲ್ಲ. ಕೇಳುವುದೇನು ಬಂತು. ತಾವು ಮೂರು ವಾರ ಸೇತುವೆ ಸವೆಸಿ, ಪಟ್ಟಣದಿಂದ ಕಾಗದ ತರಿಸಿದರೆ, ಇವರು ಒಂದು ಬೋರ್ಡು ಬದಲಾಯಿಸಿ ಕೈ ತೊಳೆದುಕೊಂಡಿದ್ದರು.

"ಕರೀರಿ ಅವಳನ್ನ," ಅಂದಳು ದ್ರೊಬ್ನಾ. "ಸಾಲು ಒಳಗೆ ಹೋಗೋ ಹೊತ್ತಾಯ್ತು."

"ನೀವೇ ಕರೀರಿ ಮೇಡಂ."

"ಏನವಳ ಹೆಸರು?"

"ನಿಮ್ಮ ಕಾಗದದಲ್ಲೇ ಬರೆದಿದ್ರಲ್ಲ. ಶೊಶೊಯ್ ಅಂದ್ರೆ ಮಾತ್ರ ತಿರುಗ್ತಾಳೆ ಅಂತ."

ದ್ರೊಬ್ನಾಗೆ ಆ ಹೆಸರು ಚೆನ್ನಾಗಿ ನೆನಪಿತ್ತು. ಬೇಸಿಗೆಯೆಲ್ಲ ಅದನ್ನು ಹೇಳಿ ಎಷ್ಟು ಜನರನ್ನು ನಗಿಸಿದ್ದಳೋ. ಅವಳು ದನಿ ಸಿಹಿ ಮಾಡಿಕೊಂಡು "ಶೊಶೊಯ್" ಅಂತ ಕರೆದಳು. ಹುಡುಗಿ ಅಲುಗಲಿಲ್ಲ. ಮತ್ತೆ ಕರೆದಳು, ಜೋರಾಗಿ ಕರೆದಳು. ಸಾಲಿನಲ್ಲಿದ್ದ ಬಿಳಿ ಮಕ್ಕಳೆಲ್ಲ ತಿರುಗಿ ನೋಡಿದವು, ಅವರ ತಾಯಿ ತಂದೆಯರು ನೋಡಿದರು. ಒಬ್ಬಳು ಮಾತ್ರ ಜಡೆ ನೆಟ್ಟಗೆ ಇಟ್ಟುಕೊಂಡು, ಹೂಗೊಂಚಲು ಎದೆಗೆ ಹಿಡಿದು ಮುಂದೆ ನೋಡುತ್ತಿದ್ದಳು.

"ನೋಡಿ," ಅಂತ ದ್ರೊಬ್ನಾ ಪಕ್ಕದ ಗುಮಾಸ್ತೆಗೆ ಹೇಳಿದಳು, "ಹೆಸರು ಹಿಡಿದು ಕರೆದರೂ ತಿರುಗಲ್ಲ. ಪಟ್ಟಣದವರು ಏನು ಪರೀಕ್ಷೆ ಮಾಡ್ತಾರೋ."

ಅಷ್ಟರಲ್ಲಿ ಸಾಲು ಹೊರಟಿತು. ಹುಡುಗಿಯೂ ಅದರ ಹಿಂದೆ ಮೆಟ್ಟಿಲು ಹತ್ತಿದಳು. ದ್ರೊಬ್ನಾ ಕಿತ್ತಳೆ ಜಾಕೀಟಿನ ಕಡೆ ತಿರುಗಿ, ನೀನು ಅಪ್ಪ ಅಲ್ಲವೇನಯ್ಯಾ, ಹೋಗಿ ಮಗಳನ್ನು ಎಳೆದುಕೊಂಡು ಬಾ ಅಂದಳು. ಕೊಲೊಮಾನ್ ಪೊರಕೆಗೆ ಒರಗಿ ನಿಂತ.

"ನಾನು ವಿಶೇಷ ತರಗತಿಯವನು ಮೇಡಂ," ಅಂದ. "ನನಗೆ ಒಂದು ಸಲ ಹೇಳಿದ್ರೆ ತಿಳಿಯಲ್ಲ."

ದ್ರೊಬ್ನಾಳ ಕತ್ತು ಕೆಂಪಗಾಯಿತು. ಅಷ್ಟು ತಾಯಿ ತಂದೆಯರ ಎದುರು ಮಗುವನ್ನು ತಾನೇ ಎಳೆದು ತರಲು ಅವಳು ಕೆಟ್ಟವಳಲ್ಲವಲ್ಲ. ಅವಳು ಮಾರ್ಗಿತಾಳ ತೋಳು ಹಿಡಿದು, ಅವಳ ಪೂರ್ತಿ ಹೆಸರು ಹೇಳಮ್ಮ, ಬಿ ತರಗತಿಯ ಪಟ್ಟಿ ಹಿಂದಿನ ಕಟ್ಟಡದಲ್ಲಿದೆ, ಹೆಸರು ಹೇಳಿದರೆ ಈಗಲೇ ಕರೆದು ತರುತ್ತೇನೆ ಅಂದಳು. ಹೆಸರು ಮಾರ್ಗಿತಾಳ ನಾಲಿಗೆಯ ತುದಿಯಲ್ಲೇ ಇತ್ತು. ಒಂದು ಸಲ ಕೂಗಿದ್ದರೆ ಹುಡುಗಿ ಬಾಗಿಲಲ್ಲೇ ನಿಂತು, ತಿರುಗಿ, ಓಡಿ ಬರುತ್ತಿದ್ದಳು. ಅದನ್ನು ಕಲಿಸಿದವಳೇ ಅವಳಲ್ಲವೇ. ಆರು ವರ್ಷ ಸಾವಿನ ಕಿವಿಗೆ ಬೀಳದಂತೆ ಬಚ್ಚಿಟ್ಟಿದ್ದ ಹೆಸರನ್ನು ಈ ಹೆಂಗಸಿನ ಕಿವಿಗೆ ಯಾಕೆ ಹಾಕಲಿ ಅಂತ ಮಾರ್ಗಿತಾ ತೋಳು ಕೊಡವಿಕೊಂಡು, ತಾನೇ ಹತ್ತು ವರ್ಷ ಒರೆಸಿದ ಮೆಟ್ಟಿಲ ಮೇಲೆ ಹೋಗಿ ಕೂತುಬಿಟ್ಟಳು.

ತೆರೆದ ಕಿಟಕಿಯಿಂದ ಒಳಗಿನ ಟೀಚರ್ ಹಾಜರಿ ಕೂಗುವುದು ಕೇಳುತ್ತಿತ್ತು. ಒಂದೊಂದೇ ಹೆಸರು, ಒಂದೊಂದೇ ಉತ್ತರ. ಪಟ್ಟಿ ಮುಗಿಯಿತು. ಆಮೇಲೆ ಟೀಚರ್, ಕೊನೇ ಬೆಂಚಿನಲ್ಲಿ ಹೂ ಹಿಡಿದುಕೊಂಡಿರೋಳು ಯಾರಮ್ಮ, ನಿನ್ನ ಹೆಸರು ಕೂಗಲಿಲ್ಲವಲ್ಲ ಅಂದಳು.

"ಕಸಾಂಡ್ರಾ ಮಿರ್ಗೋವಾ," ಅಂತ ಹುಡುಗಿ ಹೇಳಿದಳು. "ನೀವು ಕೂಗಿ. ನಾನು ಓಗೊಡ್ತೀನಿ."